ಹಳೆಯ ಅಂಬಾಸಡರಿಗೆ ಅದರ ಕಾಲದ್ದೇ ಹೆಡ್‌ಲೈಟು ಹೊಂದಿಸುವ ಬಗೆ

ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನಮ್ಮ ದೊಡ್ಡಪ್ಪನವರು ಕೊಂಡಿದ್ದ 1961ರ ಅಂಬಾಸಡರ್ ಕಾರು ಅವರು ತೀರಿಕೊಂಡ ಮೇಲೆ ಬಹಳ ವರ್ಷ ಗೋದಾಮಿನಲ್ಲೇ ನಿಂತಿತ್ತು. ಅದನ್ನು ಮತ್ತೆ ರಸ್ತೆಗಿಳಿಸುವ ಕೆಲಸಕ್ಕೆ ಕೈಹಾಕಿದಾಗ ಎಂಜಿನ್ನು ನಾಲ್ಕು ತಿಂಗಳಲ್ಲಿ ಸಿದ್ಧವಾಯಿತು. ಮುಂದಿನ ಎರಡು ದೀಪಗಳಿಗೆ ಒಂದೂವರೆ ವರ್ಷ ಹಿಡಿಯಿತು. ಈ ಒಂದೂವರೆ ವರ್ಷದಲ್ಲಿ ಎರಡು ಬಾರಿ ತಪ್ಪು ಸಾಮಾನಿಗೆ ಹಣ ಕೊಟ್ಟೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಹಳೆಯ ಮನೆಗಳಲ್ಲಿ ಇನ್ನೂ ಇಂತಹ ಕಾರುಗಳು ನಿಂತಿವೆ. ಅವುಗಳನ್ನು ಎತ್ತಿ ನಿಲ್ಲಿಸಬೇಕೆಂದಿರುವವರಿಗೆ ದೀಪದ ಸಾಮಾನನ್ನು ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಮತ್ತು ಕೈಗೆ ಸಿಕ್ಕಿದ್ದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ‘ಆ ಕಾಲದ್ದು’ ಎಂದರೆ ಏನು ಎಂಬುದು ತೀರ್ಮಾನವಾಗಬೇಕು. ಅಂಬಾಸಡರ್ ಕಾರಿಗೆ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆದ್ದರಿಂದ ಆಕ್ಸ್‌ಫರ್ಡ್ ಕಾರಿನ ಪುಸ್ತಕದಲ್ಲಿರುವ ದೀಪವೇ ನಮ್ಮ ಕಾರಿಗೂ ಸರಿಯಾದದ್ದು ಎಂದು ಅನೇಕರು ನಂಬುತ್ತಾರೆ, ನಾನೂ ನಂಬಿದ್ದೆ. ಆದರೆ ನಮ್ಮ ಕಾರು ತಯಾರಾದದ್ದು ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ. 1957ರಲ್ಲಿ 1476 ಸಿಸಿಯ ಸೈಡ್ ವಾಲ್ವ್ ಎಂಜಿನ್ನಿನೊಂದಿಗೆ ಆರಂಭವಾದ ಅದೇ ಕಾರಿಗೆ 1959ರಲ್ಲಿ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂದಿತು. ಹೊರಗಿನಿಂದ ತರಿಸುತ್ತಿದ್ದ ಬಿಡಿಭಾಗಗಳ ಜಾಗಕ್ಕೆ ಇಲ್ಲಿಯೇ ತಯಾರಾದವು ಒಂದೊಂದಾಗಿ ಬರತೊಡಗಿದ ಕಾಲವೂ ಅದೇ. ವಾಹನಗಳ ವಿದ್ಯುತ್ ಸಾಮಾನು ತಯಾರಿಸುವ ಲ್ಯೂಕಾಸ್-ಟಿವಿಎಸ್ ಕಂಪನಿ ಮದ್ರಾಸಿನಲ್ಲಿ ಸ್ಥಾಪನೆಯಾದದ್ದು 1961ರಲ್ಲಿ. ಹೀಗಿರುವಾಗ ಗಾಜಿನ ಮೇಲೆ ‘ಮೇಡ್ ಇನ್ ಇಂಗ್ಲೆಂಡ್’ ಎಂದು ಅಚ್ಚಾಗಿರುವುದೇ ಶ್ರೇಷ್ಠ, ‘ಮೇಡ್ ಇನ್ ಇಂಡಿಯಾ’ ಎಂದಿರುವುದು ನಂತರದ ಕಳಪೆ ಎಂಬ ಲೆಕ್ಕಾಚಾರವನ್ನು ಪೂರ್ತಿಯಾಗಿ ಬಿಡಬೇಕು. ಈ ಕಾರು, ಈ ಚಾಸಿಸ್ ನಂಬರಿನ ಕಾರು, ಮೊದಲ ಬಾರಿಗೆ ನಮ್ಮ ಊರಿನ ಬೀದಿಗೆ ಬಂದ ದಿನ ಅದರ ಮುಖದಲ್ಲಿ ಯಾವ ದೀಪವಿತ್ತೋ ಅದೇ ಅದಕ್ಕೆ ಸರಿಯಾದ ದೀಪ. ಹುಡುಕಾಟದ ಪ್ರತಿಯೊಂದು ಹೆಜ್ಜೆಯೂ ಈ ತೀರ್ಮಾನವನ್ನು ಅನುಸರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಪುರಾವೆಯನ್ನು ಮನೆಯಿಂದಲೇ ಕೂಡಿಹಾಕಬೇಕು

ಆರ್‌ಸಿ ಪುಸ್ತಕ, ಚಾಸಿಸ್ ಪ್ಲೇಟು, ಮೊದಲ ಬಿಲ್ಲು ಇವು ಕಾರಿನ ವಯಸ್ಸನ್ನು ಹೇಳುತ್ತವೆ. ಕಾರಿನ ಮುಖವನ್ನು ನೋಡಿ ವಯಸ್ಸು ಹೇಳುವುದು ಅಪಾಯಕರ, ಏಕೆಂದರೆ ಹಳೆಯ ಅಂಬಾಸಡರುಗಳಿಗೆ ಮುಂದಿನ ಮಾದರಿಗಳ ಗ್ರಿಲ್ಲು, ಬಂಪರು, ದೀಪಗಳನ್ನು ಹಾಕಿಸಿ ‘ಹೊಸದು’ ಮಾಡಿಸುವ ರೂಢಿ ಎಲ್ಲ ಊರುಗಳಲ್ಲೂ ಇತ್ತು. ನಮ್ಮ ಕಾರಿನಲ್ಲಿಯೂ ಬಲಗಡೆಯ ದೀಪ ಒಂದು ಕಂಪನಿಯದು, ಎಡಗಡೆಯದು ಇನ್ನೊಂದು ಕಂಪನಿಯದು, ಎರಡೂ ಕಾರಿಗಿಂತ ಚಿಕ್ಕ ವಯಸ್ಸಿನವು ಆಗಿದ್ದವು.

ನನಗೆ ದಾರಿ ತೋರಿಸಿದ್ದು ಮದುವೆಯ ಆಲ್ಬಮ್ಮು. ಅಂದಿನ ದಿನಗಳಲ್ಲಿ ಊರಿಗೆ ನಾಲ್ಕಾರು ಕಾರುಗಳಿದ್ದರೆ ಹೆಚ್ಚು. ಬಂಧುಬಳಗದಲ್ಲಿ ಯಾರ ಮದುವೆಯಾದರೂ ಮೆರವಣಿಗೆಗೆ ಅದೇ ಕಾರು ಹೋಗುತ್ತಿತ್ತು, ಬಾನೆಟ್ಟಿನ ತುಂಬ ಹೂವು ಕಟ್ಟಿ, ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು. ನಮ್ಮ ಅತ್ತೆಯವರ 1963ರ ಮದುವೆಯ ಕಪ್ಪು-ಬಿಳುಪು ಚಿತ್ರವೊಂದನ್ನು ಮೊಬೈಲಿನಲ್ಲಿ ಫೋಟೋ ತೆಗೆಯುವ ಬದಲು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಹಿಗ್ಗಿಸಿದಾಗ ಎಡಗಡೆಯ ದೀಪದ ಗಾಜಿನ ಗೆರೆಗಳು, ರಿಂಗಿನ ಅಂಚಿನ ಬಾಗು, ರಿಂಗಿನ ಸ್ಕ್ರೂ ಯಾವ ಕಡೆಗಿದೆ ಎಂಬುದು ಸಹ ಕಾಣಿಸಿತು. ಬಂಧುಗಳ ಮನೆಗಳಲ್ಲಿ ಕೇಳಬೇಕು, ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ನೆಗೆಟಿವ್ ಉಳಿದಿದ್ದರೆ ಅದನ್ನೇ ಸ್ಕ್ಯಾನ್ ಮಾಡಿಸಬೇಕು. ಮುದ್ರಿತ ಚಿತ್ರಕ್ಕಿಂತ ನೆಗೆಟಿವಿನಲ್ಲಿ ವಿವರ ಹೆಚ್ಚು. ಸಂಗ್ರಹಾಲಯದ ಕಾರುಗಳನ್ನು ನೋಡುವುದೂ ಒಳ್ಳೆಯದೇ, ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದವರು ದೀಪಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಲಿ. ಆದರೆ ದುರಸ್ತಿಯಾದ ಯಾವುದೇ ಕಾರು ಪೂರ್ಣ ಪುರಾವೆಯಾಗಲಾರದು, ಏಕೆಂದರೆ ಅದನ್ನು ದುರಸ್ತಿ ಮಾಡಿದವರಿಗೂ ನಮ್ಮಂತೆಯೇ ಸಿಕ್ಕಿದ್ದು ಸಿಕ್ಕಿರಬಹುದು. ಮನೆಯ ಫೋಟೋಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಇದರ ಜೊತೆಗೆ ನೋಂದಣಿಯ ಚರಿತ್ರೆಯನ್ನೂ ಗಮನಿಸಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ರಾಜ್ಯ ಬದಲಾದರೂ ವ್ಯಾಪಾರದ ನಂಟು ಕೂಡಲೇ ಬದಲಾಗಲಿಲ್ಲ. ನಮ್ಮ ಕಾರಿನ ಮೊದಲ ಬಿಲ್ಲು ಮದ್ರಾಸಿನದು, ರಾಯಚೂರಿನ ನನ್ನ ಗೆಳೆಯರ ಮನೆಯ ಕಾರಿನದು ಸಿಕಂದರಾಬಾದಿನದು. ಕಾರು ಎಲ್ಲಿಂದ ಬಂದಿತೋ ಅದರ ಬಿಡಿಭಾಗಗಳೂ ಅಲ್ಲಿಂದಲೇ ಬರುತ್ತಿದ್ದವು. ಹುಡುಕಾಟ ಯಾವ ದಿಕ್ಕಿಗೆ ಹೊರಡಬೇಕು ಎಂಬುದನ್ನು ಆ ಒಂದು ಹಳೆಯ ಕಾಗದ ಹೇಳಬಲ್ಲದು.

ಬಿಚ್ಚಿ ಅಳೆಯದೆ ಅಂಗಡಿಗೆ ಹೋಗಬಾರದು

ಅಂಗಡಿಯಲ್ಲಿ ‘ಹೆಡ್‌ಲೈಟು’ ಎಂದು ಕೇಳಿದರೆ ಪ್ರಯೋಜನವಿಲ್ಲ. ಮಡ್‌ಗಾರ್ಡಿನೊಳಗೆ ಕೂರುವ ತಗಡಿನ ಬಟ್ಟಲು, ಅದರ ಮೇಲಿನ ಅಡ್ಜಸ್ಟ್ ಸ್ಕ್ರೂಗಳು ಮತ್ತು ಸ್ಪ್ರಿಂಗು, ಡೂಮ್ ಎಂದು ಮಿಸ್ತ್ರಿಗಳು ಕರೆಯುವ ರಿಫ್ಲೆಕ್ಟರು ಮತ್ತು ಗಾಜು, ಡೂಮನ್ನು ಹಿಡಿದಿಡುವ ಒಳಗಿನ ರಿಂಗು, ಹೊರಗೆ ಕಾಣುವ ಕ್ರೋಮ್ ರಿಂಗು, ಬಲ್ಬ್ ಹೋಲ್ಡರು, ರಬ್ಬರ್ ಬೀಡಿಂಗು ಇವಿಷ್ಟನ್ನೂ ಬೇರೆಬೇರೆಯಾಗಿ ಬಿಚ್ಚಿ, ಯಾವುದು ಉಳಿಯುತ್ತದೆ, ಯಾವುದು ಬೇಕು ಎಂದು ಬರೆದಿಟ್ಟುಕೊಳ್ಳಬೇಕು. ನಮ್ಮ ಸೀಮೆಯ ಒಣಹವೆಗೆ ತಗಡು ಕರಾವಳಿಯಲ್ಲಿ ತಿಂದುಹೋಗುವಂತೆ ತಿಂದುಹೋಗುವುದಿಲ್ಲ, ಬಟ್ಟಲುಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಕೆಡುವುದು ರಬ್ಬರು ಮತ್ತು ರಿಫ್ಲೆಕ್ಟರು. ಬೇಸಿಗೆಯ ಬಿಸಿಲಿಗೆ ರಬ್ಬರು ಸೀಳುತ್ತದೆ, ಆ ಸೀಳಿನಿಂದ ಅದಿರಿನ ಕೆಂಪು ದೂಳು ಒಳಗೆ ಹೋಗಿ ರಿಫ್ಲೆಕ್ಟರಿನ ಹೊಳಪನ್ನು ತಿನ್ನುತ್ತದೆ.

ದೀಪದ ಅಡ್ಡಳತೆ 7 ಅಂಗುಲ, ಅಂದರೆ ಸುಮಾರು 178 ಮಿಲಿಮೀಟರ್. ಇದು ಒಂದು ವರವೂ ಹೌದು, ತೊಡಕೂ ಹೌದು. ಅಮೆರಿಕದಲ್ಲಿ 1940ರಿಂದ ಕಡ್ಡಾಯವಾದ ಸೀಲ್ಡ್ ಬೀಮ್ ದೀಪದ ಅಳತೆಯೂ 7 ಅಂಗುಲ, ಇಂಗ್ಲೆಂಡಿನ ಲ್ಯೂಕಾಸ್ ದೀಪಗಳ ಅಳತೆಯೂ ಅದೇ, ಜೀಪಿನದೂ ಅದೇ, ಬುಲೆಟ್ ಮೋಟಾರ್ ಸೈಕಲ್ಲಿನದೂ ಅದೇ. ಅಂಗಡಿಯವರು ‘ಕೂಡುತ್ತದೆ ಸಾರ್’ ಎಂದು ಏನು ಕೊಟ್ಟರೂ ಅದು ಬಹುಮಟ್ಟಿಗೆ ಬಟ್ಟಲಿನಲ್ಲಿ ಕೂಡುತ್ತದೆ. ಕೂಡಿದ್ದೆಲ್ಲ ಸರಿಯಲ್ಲ. ಹಿಂಬದಿಯನ್ನು ನೋಡಬೇಕು. ಬಲ್ಬ್ ಬದಲಿಸಲಾಗದೆ ಗಾಜು, ರಿಫ್ಲೆಕ್ಟರು, ಫಿಲಮೆಂಟು ಒಂದೇ ಆಗಿದ್ದು, ಮೂರು ಚಪ್ಪಟೆ ಪಿನ್ನುಗಳಿದ್ದರೆ ಅದು ಸೀಲ್ಡ್ ಬೀಮ್. ಬಲ್ಬ್ ಹಾಕುವ ತೂತು ಇದ್ದರೆ ಅದು ಯಾವ ಬಲ್ಬಿಗೆ ಎಂಬುದು ಅದರ ವಯಸ್ಸನ್ನು ಹೇಳುತ್ತದೆ: ಇಂಗ್ಲೆಂಡಿನ ಹಳೆಯ ದೀಪಗಳಲ್ಲಿ ಬಿಪಿಎಫ್ ಎಂದು ಕರೆಯುವ, ಪಿ36ಡಿ ಕ್ಯಾಪಿನ (ಕ್ಯಾಪು ಎಂದರೆ ಬಲ್ಬಿನ ಲೋಹದ ಬುಡ) ಬಲ್ಬು, ಯುರೋಪಿನ ಮಾದರಿಯಲ್ಲಿ ಪಿ45ಟಿ ಕ್ಯಾಪಿನ 45/40 ವ್ಯಾಟಿನ ಬಲ್ಬು, ಮೂರು ಕಿವಿಗಳ ಪಿ43ಟಿ ಕ್ಯಾಪಿನದು ಎಚ್4 ಹ್ಯಾಲೊಜನ್, ಅದು ಬಂದದ್ದು 1971ರಲ್ಲಿ. ಆದ್ದರಿಂದ ಎಚ್4 ತೂತಿರುವ ಡೂಮನ್ನು ತೋರಿಸಿ ‘1960ರ ಒರಿಜಿನಲ್’ ಎಂದು ಯಾರಾದರೂ ಹೇಳಿದರೆ, ಗಾಜಿನ ಮೇಲೆ ಯಾವ ಹೆಸರು ಅಚ್ಚಾಗಿದ್ದರೂ, ಅಲ್ಲಿಗೆ ಮಾತು ಮುಗಿಸಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಲ್ಯೂಕಾಸ್ ಪಿ700 ಎಂಬ ದೀಪದಲ್ಲಿ ಬಲ್ಬಿನ ಮುಂದೆ ಮೂರು ಕಾಲಿನ ಒಂದು ಪಟ್ಟಿ ಇರುತ್ತದೆ, ಅದನ್ನು ಟ್ರೈಪಾಡ್ ಎನ್ನುತ್ತಾರೆ. ಜಾಗ್ವಾರ್‌ನಂತಹ ಸ್ಪೋರ್ಟ್ಸ್ ಕಾರುಗಳ ಮುಖಕ್ಕೆ ಅದು ತಂದ ಸೊಬಗಿನಿಂದಾಗಿ ಈಗ ಹೊಸದಾಗಿ ತಯಾರಿಸಿದ ಟ್ರೈಪಾಡ್ ದೀಪಗಳು ಎಲ್ಲೆಡೆ ಮಾರಾಟಕ್ಕಿವೆ. ಅದು ಚೆಲುವಾದ ದೀಪವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಮ್ಮ ಪಾರ್ಟ್ಸ್ ಬುಕ್ಕಿನಲ್ಲೋ ಮನೆಯ ಫೋಟೋದಲ್ಲೋ ಅದು ಕಾಣಿಸದಿದ್ದರೆ ನಿಮ್ಮ ಕಾರಿಗೆ ಅದು ಬೇಡ.

ಎಲ್ಲಿ ಹುಡುಕಬೇಕು

ದೂರದ ಪೇಟೆಗೆ ಹೋಗುವ ಮೊದಲು ನಮ್ಮ ಊರನ್ನೇ ಜಾಲಾಡಬೇಕು. ಕೌಲ್ ಬಜಾರಿನ ಗುಜರಿ ಅಂಗಡಿಗಳಲ್ಲಿ, ಬೆಂಗಳೂರು ರಸ್ತೆಯ ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಇಂದು ಮಾರಾಟಕ್ಕಿಟ್ಟಿರುವ ಸಾಮಾನಿಗಿಂತ ಅಟ್ಟದ ಮೇಲಿರುವ ಸಾಮಾನು ಮುಖ್ಯ. ಟ್ಯಾಕ್ಸಿಗಳೆಲ್ಲ ಅಂಬಾಸಡರ್ ಆಗಿದ್ದ ದಿನಗಳಲ್ಲಿ ತರಿಸಿ, ಮಾರಾಟವಾಗದೆ ಉಳಿದ ಗಾಜು, ರಿಂಗುಗಳು ಅಲ್ಲಿರುತ್ತವೆ. ಆದರೆ ಗಿರಾಕಿಗಳು ತುಂಬಿರುವ ಹೊತ್ತಿನಲ್ಲಿ ಹೋಗಿ ಕೇಳಿದರೆ ಯಾರೂ ಅಟ್ಟ ಹತ್ತುವುದಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ, ಬಿಸಿಲಿಗೆ ಬೀದಿ ಖಾಲಿಯಾದಾಗ ಹೋಗಿ, ಬಿಚ್ಚಿದ ಹಳೆಯ ಸಾಮಾನನ್ನು ಮುಂದಿಟ್ಟು, ಹಿಗ್ಗಿಸಿದ ಫೋಟೋ ತೋರಿಸಿ ಮಾತಾಡಬೇಕು. ನನಗೆ ಕ್ರೋಮ್ ರಿಂಗುಗಳ ಜೋಡಿ ಸಿಕ್ಕಿದ್ದು ಹೀಗೆ. ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯ ಎಲೆಕ್ಟ್ರಿಶಿಯನ್ ಒಬ್ಬರು, ಓಣಿಯವರೆಲ್ಲ ಚಾಚಾ ಎನ್ನುವವರು, ಆ ಫೋಟೋ ನೋಡಿ ‘ಈ ರಿಂಗು ಹಿತ್ತಾಳೆದು, ಆಮೇಲೆ ಬಂದದ್ದು ಕಬ್ಬಿಣದ್ದು’ ಎಂದರು. ಯಾವ ಅಂಗಡಿಯ ಅಟ್ಟದಲ್ಲಿ ನೋಡಬೇಕೆಂಬುದನ್ನೂ ಅವರೇ ಹೇಳಿದರು. ಇಂತಹ ಹಿರಿಯರು ಇರುವಾಗಲೇ ಅವರನ್ನು ಕಂಡು ಕೇಳಬೇಕು, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು.

ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರ, ಚೆನ್ನೈನ ಪುದುಪೇಟೆ, ಸಿಕಂದರಾಬಾದಿನ ರಾಣಿಗಂಜ್ ನಮಗೆ ಒಂದು ರಾತ್ರಿಯ ಪ್ರಯಾಣದೊಳಗಿವೆ. ಅಂಬಾಸಡರಿಗಾದರೆ ಕೋಲ್ಕತ್ತದ ಮಲ್ಲಿಕ್ ಬಜಾರನ್ನು ಮರೆಯಬಾರದು, ಕಾರ್ಖಾನೆ ಇದ್ದದ್ದು ಆ ಊರಿನ ಪಕ್ಕದಲ್ಲೇ, ಹಳದಿ ಟ್ಯಾಕ್ಸಿಗಳು ಅಲ್ಲಿ ದಶಕಗಳ ಕಾಲ ಓಡಿವೆ. ಫಿಯೆಟ್ 1100 ಅಥವಾ ಪದ್ಮಿನಿಯನ್ನು ದುರಸ್ತಿ ಮಾಡುತ್ತಿರುವವರು ಅದು ತಯಾರಾದ ಮುಂಬೈಯನ್ನು ಮೊದಲು ನೋಡಲಿ. ಇಂಗ್ಲೆಂಡಿನಿಂದ ತರಿಸುವುದೂ ಸಾಧ್ಯ, 7 ಅಂಗುಲದ ಲ್ಯೂಕಾಸ್ ದೀಪಗಳು ಮೋರಿಸ್ ಮೈನರ್, ಎಂಜಿ, ಲ್ಯಾಂಡ್ ರೋವರ್‌ಗಳಲ್ಲೂ ಇದ್ದುದರಿಂದ ಅಲ್ಲಿ ಬಟ್ಟಲು, ಸ್ಕ್ರೂ, ರಬ್ಬರುಗಳ ಹೊಸ ತಯಾರಿಕೆ ಇನ್ನೂ ನಡೆದಿದೆ. ಕಣ್ಣಿಗೆ ಕಾಣದ ಸ್ಕ್ರೂ, ಸ್ಪ್ರಿಂಗು, ರಬ್ಬರನ್ನು ಹೊಸದಾಗಿ ತರಿಸುವುದರಲ್ಲಿ ತಪ್ಪಿಲ್ಲ, ಅದೇ ಒಳ್ಳೆಯದು. ಗಾಜನ್ನು ಮಾತ್ರ ಕಣ್ಣಾರೆ ನೋಡದೆ ತರಿಸಬಾರದೆಂಬುದು ನನ್ನ ನಿಯಮ. ಬೆಂಗಳೂರಿನಿಂದ ನನ್ನ ಗಾಜುಗಳನ್ನು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹಳೆಯ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ತಂದೆ.

ಕೈಗೆ ಬಂದದ್ದನ್ನು ಪರೀಕ್ಷಿಸುವುದು

ನಾನು ಮೊದಲು ಕೊಂಡ ಜೋಡಿ ನೋಡಲು ಅತ್ಯುತ್ತಮವಾಗಿತ್ತು. ಮಾರಿದವರು ಹಡಗು ಒಡೆಯುವ ಕಡೆಯಿಂದ ಬಂದ ಹೊರದೇಶದ ಸಾಮಾನೆಂದು ಹೇಳಿದರು. ಹಾಕಿ ರಾತ್ರಿ ಓಡಿಸಿದಾಗ ಡಿಪ್ ಮಾಡಿ ಬೆಳಕನ್ನು ತಗ್ಗಿಸಿದರೂ ಎದುರಿನ ಲಾರಿಯವರು ಮತ್ತೆ ಮತ್ತೆ ಲೈಟ್ ಹೊಡೆಯತೊಡಗಿದರು. ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿದಾಗ ಕಾರಣ ತಿಳಿಯಿತು: ಅವು ರಸ್ತೆಯ ಬಲಬದಿಯಲ್ಲಿ ಓಡುವ ದೇಶಗಳಿಗೆ ಮಾಡಿದ ದೀಪಗಳು, ಡಿಪ್ ಮಾಡಿದಾಗ ಬೆಳಕು ಬಲಕ್ಕೆ, ಅಂದರೆ ನಮ್ಮಲ್ಲಿ ಎದುರಿನಿಂದ ಬರುವವರ ಕಣ್ಣಿಗೆ ಹೋಗುತ್ತಿತ್ತು. ಇದು ಅಂದಚಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಹೊಸಪೇಟೆ ರಸ್ತೆಯಲ್ಲಿ ರಾತ್ರಿ ಅದಿರಿನ ಲಾರಿಗಳನ್ನು ಎದುರಿಸಿ ಓಡಿಸಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಗಾಜನ್ನು ಕೊಳ್ಳುವ ಮೊದಲು ಡಿಪ್ ಎಡಕ್ಕೆ ಬೀಳುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ಯುರೋಪಿನ ‘ಇ’ ಗುರುತಿರುವ ಗಾಜಿನಲ್ಲಿ ಇದು ಸುಲಭ: ದೀಪದ ಎದುರಿಗೆ ನಿಂತು ನೋಡಿದಾಗ ನಮ್ಮ ಬಲಕ್ಕೆ ಮುಖಮಾಡಿದ ಬಾಣವಿದ್ದರೆ ಅದು ಎಡಬದಿಯ ಸಂಚಾರದ್ದು, ಬಾಣವೇ ಇಲ್ಲದಿದ್ದರೆ ಬಲಬದಿಯದು. ಅದಕ್ಕಿಂತ ಹಳೆಯ ದೀಪಗಳಲ್ಲಿ ಈ ಗುರುತು ಇರುವುದಿಲ್ಲ. ಮೇಲಾಗಿ ಇಂಗ್ಲೆಂಡಿನ ಹಳೆಯ ಬಲ್ಬುಗಳಲ್ಲಿ ಫಿಲಮೆಂಟಿನ ಜಾಗದಿಂದಲೇ ಡಿಪ್ಪಿನ ದಿಕ್ಕು ತೀರ್ಮಾನವಾಗುತ್ತಿದ್ದು, ಎಡಕ್ಕೆ ಬೀಳುವುದು, ನೇರ ಕೆಳಕ್ಕೆ ಬೀಳುವುದು, ಬಲಕ್ಕೆ ಬೀಳುವುದು ಎಂದು ಬೇರೆಬೇರೆ ಬಲ್ಬುಗಳಿದ್ದವು. ಅಂತಹ ಕಡೆ ಒಂದೇ ಉಪಾಯ: ಮೋಟಾರ್ ಸೈಕಲ್ಲಿನ 12 ವೋಲ್ಟ್ ಬ್ಯಾಟರಿ, ಸರಿಯಾದ ಬಲ್ಬು, ಎರಡು ತುಂಡು ವೈರು ಚೀಲದಲ್ಲಿ ಒಯ್ದು, ಅಂಗಡಿಯ ಕತ್ತಲೆ ಮೂಲೆಯಲ್ಲಿ ಗೋಡೆಗೆ ಬೆಳಕು ಹಾಯಿಸಿ, ದೀಪದ ಹಿಂದೆ ನಿಂತು ನೋಡುವುದು. ಆಮೇಲೆ ಗಾಜು ಕೊಳ್ಳುವಾಗ ನಾನು ಹೀಗೆಯೇ ಮಾಡಿದೆ.

ಕ್ರೋಮ್ ರಿಂಗಿಗೆ ಅಯಸ್ಕಾಂತ ಹಿಡಿದರೆ ಹಿತ್ತಾಳೆಯೋ ಕಬ್ಬಿಣವೋ ಕೂಡಲೇ ತಿಳಿಯುತ್ತದೆ. ಹಿತ್ತಾಳೆಯದು ನೆಗ್ಗಿದ್ದರೂ ತಟ್ಟಿ ನೇರ ಮಾಡಿ ಮತ್ತೆ ಕ್ರೋಮ್ ಹಾಕಿಸಬಹುದು. ತೂತುಬಿದ್ದ ಕಬ್ಬಿಣದ ರಿಂಗಿಗೆ ಹಣ ಹಾಕುವುದು ವ್ಯರ್ಥ. ಗಾಜುಗಳು ಜೋಡಿಯಾಗಿರಬೇಕು, ಗೆರೆಗಳ ವಿನ್ಯಾಸ ಮಾತ್ರವಲ್ಲ, ಅಚ್ಚಿನ ಅಕ್ಷರಗಳೂ ಗಾಜಿನ ಬಣ್ಣವೂ ಒಂದೇ ಇರಬೇಕು. ಗಾಜು ರಿಫ್ಲೆಕ್ಟರಿಗೆ ಅಂಟಿಕೊಂಡಿರುವ ಡೂಮಾದರೆ ಒಳಗೆ ನೀರಿನ ಕಲೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು, ಏಕೆಂದರೆ ಒಡೆಯದೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಬಿಡಿಸಲು ಬರುವ ಹಳೆಯ ರಿಫ್ಲೆಕ್ಟರು ಮಂಕಾಗಿದ್ದರೆ ಎಸೆಯಬಾರದು. ಅದನ್ನು ಬ್ರಾಸೊ ಹಾಕಿ ಉಜ್ಜಲೂಬಾರದು, ತೆಳುವಾದ ಬೆಳ್ಳಿಯ ಲೇಪ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಪಾಲಿಷ್ ಅಂಗಡಿಗಳಲ್ಲಿ ‘ಕ್ರೋಮ್ ಹಾಕಿಕೊಡುತ್ತೇವೆ’ ಎನ್ನುತ್ತಾರೆ, ಒಪ್ಪಬಾರದು. ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 95 ಪಾಲನ್ನು, ಅಲ್ಯೂಮಿನಿಯಂ 85ರಿಂದ 90 ಪಾಲನ್ನು ಮರಳಿಸಿದರೆ ಕ್ರೋಮ್ 65ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕನ್ನಡಿಯಂತೆ ಹೊಳೆಯುವ ಕ್ರೋಮ್ ರಿಫ್ಲೆಕ್ಟರು ರಸ್ತೆಯ ಮೇಲೆ ಮಂಕು ಬೆಳಕು ಕೊಡುವುದು ಇದರಿಂದಲೇ. ಹಿತ್ತಾಳೆಯ ರಿಫ್ಲೆಕ್ಟರಿಗೆ ಬೆಳ್ಳಿಯ ಎಲೆಕ್ಟ್ರೋಪ್ಲೇಟಿಂಗ್, ತಗಡಿನದಕ್ಕೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಕೂರಿಸುವ ವ್ಯಾಕ್ಯೂಮ್ ಮೆಟಲೈಸಿಂಗ್, ಇವೆರಡೇ ಸರಿಯಾದ ದಾರಿ. ಬೆಳ್ಳಿಯ ಪ್ಲೇಟಿಂಗಿನಲ್ಲಿ ಸಯನೈಡ್ ಬಳಕೆಯಾಗುವುದರಿಂದ ಅದನ್ನು ಮನೆಯಲ್ಲಿ ಪ್ರಯತ್ನಿಸುವ ಮಾತೇ ಇಲ್ಲ. ದೇವರ ಕವಚ, ಪ್ರಭಾವಳಿಗಳಿಗೆ ಬೆಳ್ಳಿ ಲೇಪಿಸುವ ಕೆಲಸಗಾರರಲ್ಲಿ ಕೇಳಬಹುದು, ಆದರೆ ಲೇಪವಾದ ಮೇಲೆ ಕೈಬೆರಳು ತಾಗಿಸದೆ, ಯಾವ ವಾರ್ನಿಷನ್ನೂ ಬಳಿಯದೆ ಕೊಡಬೇಕೆಂದು ಮೊದಲೇ ಹೇಳಬೇಕು. ಬೆಳ್ಳಿ ಗಾಳಿಗೆ ಕಪ್ಪಾಗುವುದರಿಂದ ಗಾಜಿನ ಸುತ್ತಲಿನ ಕಾರ್ಕ್ ಪಟ್ಟಿ ಹೊಸದಾಗಿರಲಿ. ಎಂಜಿನ್ ಪ್ಯಾಕಿಂಗ್ ಕತ್ತರಿಸಿಕೊಡುವವರ ಬಳಿ ಕಾರ್ಕ್ ಹಾಳೆ ಸಿಗುತ್ತದೆ.

ಬಲ್ಬು, ವೈರು, ಹೊಂದಿಸುವಿಕೆ

ಪಿ45ಟಿ ಬಲ್ಬುಗಳು ಲಾರಿ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತವೆ, ಬಿಪಿಎಫ್ ಬಲ್ಬಿಗೆ ಹುಡುಕಾಟ ಬೇಕು, ಸಿಕ್ಕಾಗ ನಾಲ್ಕು ಕೊಂಡಿಡಬೇಕು. ಕೊಳ್ಳುವ ಮೊದಲು ಕಾರು 6 ವೋಲ್ಟಿನದೋ 12 ವೋಲ್ಟಿನದೋ ನೋಡಿಕೊಳ್ಳಬೇಕು, ಸೈನ್ಯದ ಹಳೆಯ ವಿಲ್ಲಿಸ್ ಜೀಪುಗಳು 6 ವೋಲ್ಟಿನವು. ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬು ಹಾಕುವವರಿದ್ದಾರೆ. ಎಂಜಿನ್ನಿನಿಂದ ತಿರುಗಿ ವಿದ್ಯುತ್ ಕೊಡುವ ಲ್ಯೂಕಾಸ್ ಸಿ40 ಡೈನಮೋ ಪೂರ್ಣ ಶಕ್ತಿಯಲ್ಲಿ ಕೊಡುವುದೇ 22 ಆಂಪಿಯರ್. 45 ವ್ಯಾಟಿನ ಎರಡು ಬಲ್ಬುಗಳು ಏಳೂವರೆ ಆಂಪಿಯರ್ ಎಳೆದರೆ, 100 ವ್ಯಾಟಿನವು ಹದಿನಾರೂವರೆಗಿಂತ ಹೆಚ್ಚು ಎಳೆಯುತ್ತವೆ. ಊರೊಳಗೆ ನಿಧಾನವಾಗಿ ಓಡಿಸುವಾಗ ಬ್ಯಾಟರಿ ಇಳಿದುಹೋಗುತ್ತದೆ, ಹಳೆಯ ಸ್ವಿಚ್ಚು ಸುಡುತ್ತದೆ. ಬಹುತೇಕ ಸಂದರ್ಭಗಳಲ್ಲಿ ದೋಷ ಬಲ್ಬಿನದಲ್ಲ, ವೈರಿನದು. ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಕುಗ್ಗುತ್ತದೆ. ದೀಪ ಉರಿಯುತ್ತಿರುವಾಗ ಮೀಟರಿನಿಂದ ಬ್ಯಾಟರಿಯ ಬಳಿಯೂ ಬಲ್ಬಿನ ಬಳಿಯೂ ವೋಲ್ಟೇಜನ್ನು ಅಳೆದು, ಅರ್ಥಿಂಗನ್ನು ಲೋಹ ಕಾಣುವವರೆಗೆ ಉಜ್ಜಿ ಬಿಗಿ ಮಾಡಿ, ಬೇಕಿದ್ದರೆ ದೀಪದ ಕರೆಂಟನ್ನು ಹಳೆಯ ಸ್ವಿಚ್ಚಿನ ಬದಲು ತಾನು ಹೊರುವ ರಿಲೇಯನ್ನು ಕಾಣದ ಜಾಗದಲ್ಲಿ ಹಾಕಿದರೆ ಹಳೆಯ ದೀಪವೇ ಸಾಕಷ್ಟು ಬೆಳಕು ಕೊಡುತ್ತದೆ. ಎಲ್‌ಇಡಿ ಬಲ್ಬನ್ನು ನಾನು ಒಪ್ಪುವುದಿಲ್ಲ. ಫಿಲಮೆಂಟಿನ ಜಾಗವನ್ನು ಲೆಕ್ಕಹಾಕಿ ಮಾಡಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚದುರುತ್ತದೆ, ಜೊತೆಗೆ ಅಂದಿನ ಇಂಗ್ಲೆಂಡ್ ಮೂಲದ ಹಲವು ಕಾರುಗಳಂತೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದ್ದರೆ ಅನೇಕ ಎಲ್‌ಇಡಿಗಳು ಉರಿಯುವುದೇ ಇಲ್ಲ.

ಹೊಂದಿಸುವಾಗ ಟೈರುಗಳ ಗಾಳಿ ಸರಿಮಾಡಿ, ಸಮತಟ್ಟಾದ ನೆಲದಲ್ಲಿ ಗೋಡೆಗೆ ಎದುರಾಗಿ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಬೇಕು. ಡಿಪ್ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಲಿ. ಒಂದು ದೀಪ ಹೊಂದಿಸುವಾಗ ಇನ್ನೊಂದಕ್ಕೆ ಬಟ್ಟೆ ಮುಚ್ಚಬೇಕು.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ 2021ರ ಕೇಂದ್ರ ನಿಯಮಗಳ ಪ್ರಕಾರ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆ ನೋಂದಣಿಯಾದ ಮೇಲೆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಹಾಗಾಗಿ ಅದು ಬೇಕೋ ಬೇಡವೋ ಎಂದು ಮನೆಯವರೆಲ್ಲ ಕೂತು ಯೋಚಿಸುವುದು ಒಳ್ಳೆಯದು. ನಾವು ಇನ್ನೂ ಮಾಡಿಸಿಲ್ಲ. ಕಾರಿನಿಂದ ಬಿಚ್ಚಿದ ಬೆಸವಾದ ಎರಡು ದೀಪಗಳನ್ನೂ ನಾನು ಎಸೆದಿಲ್ಲ. ಯಾವ ವರ್ಷ ಬಿಚ್ಚಿದ್ದು, ಯಾವ ಬದಿಯದು ಎಂದು ಚೀಟಿ ಅಂಟಿಸಿ, ಕ್ರೋಮ್ ರಿಂಗುಗಳನ್ನು ಸುತ್ತಿಕೊಟ್ಟಿದ್ದ ಅದೇ ಗೋಣಿಪಟ್ಟಿಯಲ್ಲಿ ಕಟ್ಟಿ ಗೋದಾಮಿನ ಅಟ್ಟದ ಮೇಲೆ ಇಟ್ಟಿದ್ದೇನೆ.